ಗೋಡೆಯ ಬಣ್ಣ ಕೊನೆಗೆ ಆರಿಸಿ, ಮೊದಲು ನೆಲ ನೋಡಿ

ಮಳೆ ನಿಂತು ದೀಪಾವಳಿ ಹತ್ತಿರ ಬಂತು ಅಂದರೆ ನಮ್ಮ ಚಿಕ್ಕಮಗಳೂರು ಕಡೆ ಮನೆಮನೆಯಲ್ಲೂ ಬಣ್ಣದ ಮಾತು ಶುರುವಾಗುತ್ತೆ. ಹಿಂದೆ ಸುಣ್ಣ-ಕಾರಣೆ ಅಂತಿದ್ದೆವು, ಈಗ ಪೇಂಟಿಂಗ್ ಅಂತೀವಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು ನಾನು. ಹಾಗಾಗಿ ನೆಂಟರು, ಅಕ್ಕಪಕ್ಕದವರು ಶೇಡ್ ಕಾರ್ಡ್ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. "ಟೀಚರೇ, ಹಾಲ್‌ಗೆ ಯಾವ ಬಣ್ಣ ಚೆನ್ನಾಗಿರುತ್ತೆ ಹೇಳಿ." ಕಾರ್ಡನ್ನು ಪಕ್ಕಕ್ಕಿಟ್ಟು ನಾನು ಕೇಳುವುದು ಮೂರೇ ಮಾತು: ನಿಮ್ಮ ನೆಲ ಯಾವುದು, ಬಾಗಿಲು ಯಾವ ಮರದ್ದು, ಕಿಟಕಿ ತೆಗೆದರೆ ಏನು ಕಾಣುತ್ತೆ? ಗೋಡೆಯ ಬಣ್ಣ ನಾಲ್ಕೈದು ವರ್ಷಕ್ಕೊಮ್ಮೆ ಬದಲಾಯಿಸಬಹುದು. ನೆಲ, ಬಾಗಿಲು, ಕಿಟಕಿಯಾಚೆಯ ತೋಟ ಇದ್ದ ಹಾಗೇ ಇರುತ್ತವೆ. ಅವುಗಳ ಬಣ್ಣವನ್ನು ಮೊದಲು ಲೆಕ್ಕಕ್ಕೆ ತಗೊಳ್ಳಿ, ಗೋಡೆಯನ್ನು ಅವಕ್ಕೆ ಹೊಂದಿಸಿ.

ನನಗೆ ಇದು ಅರ್ಥವಾದದ್ದು ನಮ್ಮ ಮನೆಯ ಹಾಲ್‌ನಲ್ಲೇ. ನಮ್ಮದು ಹೆಂಚಿನ ಮನೆ, ರೆಡ್ ಆಕ್ಸೈಡ್ ನೆಲ, ಹಲಸಿನ ಮರದ ಬಾಗಿಲು. ಕಿಟಕಿಯಾಚೆ ಕಾಫಿ ಗಿಡ, ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಒಂದು ವರ್ಷ ಹೊರಗಿನ ಹಸಿರು ಒಳಗೂ ಇರಲಿ ಅಂತ ಆಸೆಪಟ್ಟು ನಾಲ್ಕೂ ಗೋಡೆಗೆ ಗಿಳಿಹಸಿರು ಹೊಡೆಸಿದೆ. ಎಷ್ಟೋ ವರ್ಷದಿಂದ ಕಣ್ಣಿಗೆ ತಂಪಾಗಿದ್ದ ನೆಲ ಮರುದಿನ ಬೆಳಿಗ್ಗೆ ಕುಂಕುಮ ಕಲಸಿ ಚೆಲ್ಲಿದ ಹಾಗೆ ಕಾಣ್ತು. ಬಂದವರ ಮುಖವೆಲ್ಲ ಬಿಳಿಚಿಕೊಂಡ ಹಾಗೆ. "ಎಲ್ಲರೂ ಜ್ವರದಿಂದ ಎದ್ದವರ ಥರ ಕಾಣ್ತಾರಲ್ಲೇ" ಅಂದರು ನಮ್ಮವರು. ಆಷಾಢದ ಮಳೆ ಹಿಡಿದಾಗ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕಾಯಿತು. ಮುಂದಿನ ಬೇಸಿಗೆಯಲ್ಲಿ ಮತ್ತೆ ದುಡ್ಡು ಖರ್ಚು ಮಾಡಿ ಬದಲಾಯಿಸಿದೆವು. ಮಕ್ಕಳಿಗೆ ವರ್ಣಚಕ್ರ ಕಲಿಸುತ್ತಿದ್ದ ನನಗೆ ನೆಲವೂ ಒಂದು ಬಣ್ಣ ಅನ್ನುವುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ವರ್ಣಚಕ್ರ ಕಷ್ಟದ ವಿಷಯವಲ್ಲ. ಒಂದು ದುಂಡು ಬರೆದು ಸಮದೂರದಲ್ಲಿ ಕೆಂಪು, ಹಳದಿ, ನೀಲಿ ಇಡಿ. ಕೆಂಪು-ಹಳದಿಯ ನಡುವೆ ಕಿತ್ತಳೆ, ಹಳದಿ-ನೀಲಿಯ ನಡುವೆ ಹಸಿರು, ನೀಲಿ-ಕೆಂಪಿನ ನಡುವೆ ನೇರಳೆ. ಈಗ ಎದುರುಬದುರು ನೋಡಿ: ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ. ಎದುರು ಬಣ್ಣಗಳು ಪಕ್ಕಪಕ್ಕ ಬಂದರೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ನಂಬಿಕೆ ಬರದಿದ್ದರೆ ಒಂದು ಕೆಂಪು ಬ್ಲೌಸ್ ಪೀಸನ್ನು ಬೆಳಕಿನಲ್ಲಿ ಹರವಿ, ರೆಪ್ಪೆ ಆದಷ್ಟು ಮಿಟುಕಿಸದೆ ಅರ್ಧ ನಿಮಿಷ ನೋಡಿ, ತಕ್ಷಣ ಬಿಳಿ ಗೋಡೆಯ ಕಡೆ ತಿರುಗಿ. ಗೋಡೆಯ ಮೇಲೆ ನೀಲಿ ಬೆರೆತ ಹಸಿರು ಚೌಕವೊಂದು ತೇಲುತ್ತೆ. ಕೆಂಪು ನೋಡಿ ದಣಿದ ಕಣ್ಣು ತಾನಾಗಿಯೇ ಅದರ ಎದುರು ಬಣ್ಣ ಕಾಣುತ್ತೆ. ನಮ್ಮ ಕೆಂಪು ನೆಲ ಹಸಿರು ಗೋಡೆಯ ಜೊತೆ ಕಿರುಚಿದ್ದಕ್ಕೆ ಕಾರಣ ಈಗ ತಿಳಿಯಿತಲ್ಲ? ಮುಖಗಳು ಬಿಳಿಚಿದ್ದು ಗೋಡೆಯಿಂದ ಚಿಮ್ಮಿದ ಹಸಿರು ಬೆಳಕು ಅವುಗಳ ಮೇಲೆ ಬೀಳುತ್ತಿದ್ದರಿಂದ.

ಈ ಗುಟ್ಟನ್ನು ಬಿಡಿಸಿ ಹೇಳಿದವನು ಶೆವ್ರೋಲ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ. 1824ರಲ್ಲಿ ಅವನು ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಅದ್ದುವ ವಿಭಾಗದ ಮುಖ್ಯಸ್ಥನಾದ. ಅಲ್ಲಿನ ಕಪ್ಪು ನೂಲು ಸರಿಯಾಗಿ ಕಪ್ಪಾಗಿ ಕಾಣಲ್ಲ ಅಂತ ದೂರು. ಪರೀಕ್ಷೆ ಮಾಡಿದರೆ ನೂಲಿನ ಬಣ್ಣದಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲು ಅದನ್ನು ಮಂಕಾಗಿಸುತ್ತಿತ್ತು. 1839ರಲ್ಲಿ ಅವನು ಅದನ್ನೆಲ್ಲ ಬರೆದು ಪ್ರಕಟಿಸಿದ. ಅಂಗಡಿಯ ಕಾರ್ಡಿನಲ್ಲಿ ಚೆಂದ ಕಂಡ ಬಣ್ಣ ನಿಮ್ಮ ಸೋಫಾದ ಹಿಂದೆ ಮಂಕಾದರೆ, ಪೇಂಟರ್ ಬೇರೆ ಡಬ್ಬಿ ತಂದಿದ್ದಾನೆ ಅಂತ ಅವನನ್ನು ಬೈಯುವ ಮೊದಲು ಆ ಕಪ್ಪು ನೂಲನ್ನು ನೆನೆಸಿಕೊಳ್ಳಿ.

ಮಲೆನಾಡಿನ ಮನೆಯಲ್ಲಿ ಕೆಂಪು ನೆಲ ಕೆಳಗೆ, ಹಸಿರು ತೋಟ ಕಿಟಕಿಯಲ್ಲಿ. ಎದುರು ಬಣ್ಣಗಳ ಜೋಡಿ ಆಗಲೇ ಕೂತಾಗಿದೆ. ಅಲ್ಲಿ ಗೋಡೆ ಇಬ್ಬರ ನಡುವೆ ಸುಮ್ಮನೆ ಕೂರುವ ಹಿರಿಯರ ಹಾಗಿರಬೇಕು. ಕೆನೆ, ಬೆಣ್ಣೆ, ತಿಳಿ ಗಂಧದ ಬಣ್ಣ, ತೀರಾ ತೆಳುವಾದ ಈರುಳ್ಳಿ ಸಿಪ್ಪೆಯ ಬಣ್ಣ, ಇವು ನನ್ನ ಆಯ್ಕೆ. ಅಚ್ಚ ಬಿಳಿ ನಮ್ಮ ಕಡೆ ನನಗೆ ಅಷ್ಟು ಒಗ್ಗಲ್ಲ. ಎಲೆಗಳ ನಡುವೆ ಸೋಸಿ ಬರುವ ಬೆಳಕಿಗೆ ಹಸಿರು ಛಾಯೆ ಇರುತ್ತೆ, ಮೋಡ ಕವಿದರೆ ಬೆಳಕು ಇನ್ನೂ ತಣ್ಣಗಾಗುತ್ತೆ. ಅಚ್ಚ ಬಿಳಿ ಗೋಡೆ ಅದನ್ನೆಲ್ಲ ಹೀರಿಕೊಂಡು ಮಾಸಿದ ಹಾಗೆ ಕಾಣುತ್ತೆ. ಚೂರು ಹಳದಿಯೋ ಕೆಂಪೋ ಬೆರೆತ ಬಿಳಿ ಅದನ್ನು ಸರಿದೂಗಿಸುತ್ತೆ. ನಮ್ಮ ಅತ್ತೆ ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದದ್ದೂ ಇದೇ ಲೆಕ್ಕ. ಹಳೇ ಗೋಡೆಗೆ ಹಳದಿ ತಿರುಗಿರುತ್ತೆ, ನೇರಳೆಯ ಕಡೆ ವಾಲುವ ಆ ನೀಲಿ ಅದನ್ನು ಮುಚ್ಚಿ ಬಿಳುಪು ತರುತ್ತೆ. ಅವರು ವರ್ಣಚಕ್ರ ನೋಡಿದವರಲ್ಲ, ಬೆರಳಿನ ಅಂದಾಜಿನಲ್ಲೇ ಹಾಕುತ್ತಿದ್ದರು. ಒಂದು ದಿನವೂ ನೀಲಿ ಹೆಚ್ಚಾದದ್ದಿಲ್ಲ.

ಎಷ್ಟು ಬಣ್ಣ ಸೇರಿಸಬಹುದು ಅಂತ ಕೇಳಿದರೆ ಸೀರೆ ತೋರಿಸುತ್ತೇನೆ. ಒಡಲು ಒಂದು ಬಣ್ಣ, ಸೆರಗು ಇನ್ನೊಂದು, ಅಂಚು ಮತ್ತೊಂದು. ಅಲಂಕಾರದವರು 60, 30, 10 ಅಂತ ಹೇಳುವ ಲೆಕ್ಕ ಇದೇ. ಕೋಣೆಯಲ್ಲಿ 60 ಪಾಲು ಗೋಡೆ, 30 ಪಾಲು ಪರದೆ, ಸೋಫಾ, ಮಂಚದ ಹೊದಿಕೆ, 10 ಪಾಲು ದಿಂಬಿನ ಕವರ್, ಹೂದಾನಿ, ಗೋಡೆಯ ಪಟ. ಗಿಳಿಹಸಿರು, ಅರಿಶಿನ, ನವಿಲು ಬಣ್ಣ ನಿಮಗೆ ಇಷ್ಟವಾದರೆ ಈ ಕೊನೆಯ ಹತ್ತರಲ್ಲಿ ಧಾರಾಳವಾಗಿ ಇಡಿ. ಬೇಜಾರಾದಾಗ ದಿಂಬಿನ ಕವರ್ ಬದಲಾಯಿಸಿದರಾಯಿತು.

ಗೋಡೆಗೇ ಹಸಿರು ಬೇಕು ಅಂತ ಹಟ ಇದ್ದರೆ ಮಾಸಲು ಹಸಿರು ತಗೊಳ್ಳಿ, ಬೂದಿ ಬೆರೆಸಿದ ಹಾಗಿರುವುದು. ಬಣ್ಣಗಳು ಜಗಳವಾಡುವುದು ಹೆಚ್ಚಾಗಿ ಅವುಗಳ ಕಡಕ್ ತನದಿಂದ. ಅದನ್ನು ಇಳಿಸಿದರೆ ಎದುರು ಬಣ್ಣಗಳೂ ಒಂದೇ ಮನೆಯಲ್ಲಿ ಬಾಳುತ್ತವೆ. ಬೇಲೂರಿಗೆ ಹೋದಾಗ ಗುಡಿಯ ಬಣ್ಣವನ್ನೂ ಸ್ವಲ್ಪ ಗಮನಿಸಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನ ಪೂರ್ತಿ ಬಳಪದ ಕಲ್ಲು, ಬೂದಿಗೆ ಒಂಚೂರು ಹಸಿರು ಸೇರಿದ ಬಣ್ಣ. ಬಿಸಿಲು ಬಿದ್ದ ಕಡೆ ತಿಳಿ, ಕೆತ್ತನೆಯ ಸಂದಿಯಲ್ಲಿ ಕಡು. ಒಂದೇ ಬಣ್ಣದ ತಿಳಿ-ಕಡುವಿನಲ್ಲಿ ಎಷ್ಟು ಮಾತಾಡಬಹುದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನಮ್ಮ ಮಲಗುವ ಕೋಣೆಗೆ ಆ ಬಣ್ಣವನ್ನೇ ಹೊಡೆಸಿದ್ದೇನೆ: ಮೂರು ಗೋಡೆ ತೀರಾ ತಿಳಿ, ಮಂಚದ ಹಿಂದಿನದು ಎರಡು ಮೆಟ್ಟಿಲು ಕಡು, ಚಾವಣಿ ಬಿಳಿ. ಕೆಂಪು ನೆಲ ಅಲ್ಲಿ ತಣ್ಣಗಿದೆ.

ಬಯಲುಸೀಮೆಯ ಲೆಕ್ಕ ಬೇರೆ. ನನ್ನ ತಂಗಿಯ ಮನೆ ಅರಸೀಕೆರೆ ಹತ್ತಿರ. ಬಿಳಿ ಟೈಲ್ಸ್ ನೆಲ, ಹಾಲ್‌ಗೆ ಪಶ್ಚಿಮದ ಕಿಟಕಿ, ಸಂಜೆ ನಾಲ್ಕರ ಬಿಸಿಲು ಗೋಡೆ ತುಂಬ. ಅಲ್ಲಿ ಬೆಣ್ಣೆ ಬಣ್ಣ ಹೊಡೆದರೆ ಸಂಜೆ ಹೊತ್ತು ಕೋಣೆಗೆ ಬೆಂಕಿ ಬಿದ್ದ ಹಾಗಿರುತ್ತೆ. ಬೂದಿ ಬೆರೆತ ತಿಳಿ ನೀಲಿ ಹೇಳಿದೆ, ತೇಗದ ಕುರ್ಚಿಗಳು ಅದರ ಮುಂದೆ ಜೀವ ಬಂದ ಹಾಗೆ ಎದ್ದು ಕಂಡವು. ತೇಗದ ಬಣ್ಣ ಅಂದರೆ ಮಾಸಿದ ಕಿತ್ತಳೆ ತಾನೇ, ನೀಲಿಗೆ ಎದುರು.

ಕಾರ್ಡಿನ ಚೌಕ ನೋಡಿ ಮಾತ್ರ ಆರ್ಡರ್ ಕೊಡಬೇಡಿ. ನಾಲ್ಕು ಗೋಡೆಯೂ ಒಂದೇ ಬಣ್ಣವಾದಾಗ ಒಂದರ ಬೆಳಕು ಇನ್ನೊಂದಕ್ಕೆ ಬಡಿದು ಬಣ್ಣ ಗಾಢವಾಗುತ್ತೆ, ಆದ್ದರಿಂದ ಮನಸ್ಸಿಗೆ ಬಂದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿ. ಚಿಕ್ಕ ಡಬ್ಬಿ ತಂದು, ಎರಡಡಿ ಚೌಕದ ಬಿಳಿ ರಟ್ಟಿಗೆ ಎರಡು ಕೋಟ್ ಹೊಡೆದು ಪೂರ್ತಿ ಒಣಗಿಸಿ. ಎಮಲ್ಷನ್ ಹಸಿಯಲ್ಲಿ ಒಂದು ಬಣ್ಣ, ಒಣಗಿದ ಮೇಲೆ ಸಾಮಾನ್ಯವಾಗಿ ಇನ್ನೂ ಕಡು. ಆ ರಟ್ಟನ್ನು ನೆಲಕ್ಕೆ ತಾಗಿಸಿ ಒಂದು ದಿನ, ಬಾಗಿಲ ಪಕ್ಕ ಒಂದು ದಿನ, ಕಿಟಕಿಯ ಎದುರು ಒಂದು ದಿನ ಇಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ದೀಪದ ಮಾತು ಬಂದದ್ದಕ್ಕೆ ಹೇಳ್ತೀನಿ, ಬಲ್ಬಿನ ಡಬ್ಬಿ ಮೇಲೆ 2700 ಅಥವಾ 3000 ಕೆಲ್ವಿನ್ ಅಂತಿದ್ದರೆ ಹಳದಿ ಬೆಳಕು, 6500 ಅಂತಿದ್ದರೆ ನೀಲಿ ಬೆರೆತ ಬಿಳಿ. ಗಂಧದ ಬಣ್ಣದ ಗೋಡೆಗೆ 6500ರ ದೀಪ ಹಾಕಿದರೆ ರಾತ್ರಿ ಅದು ಸತ್ತ ಬಣ್ಣ. ಗೋಡೆಗೆ ಸಾವಿರಾರು ಖರ್ಚು ಮಾಡಿ ಬಲ್ಬನ್ನು ಮರೆತವರನ್ನು ತುಂಬ ಜನ ನೋಡಿದ್ದೇನೆ.

ಅಡಿಗೆಮನೆ, ದೇವರ ಮನೆಗೆ ಹೆಚ್ಚು ಯೋಚನೆ ಬೇಡ, ತೊಳೆಯಲು ಬರುವ ತಿಳಿ ಬಣ್ಣ ಸಾಕು. ಗೋಡೆಯಲ್ಲಿ ಬೂಷ್ಟು ಬರುತ್ತಿದ್ದರೆ ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ನೋಡಿ, ಹೆಂಚು ಸರಿಮಾಡಿಸಿ, ಬೇಸಿಗೆಯಲ್ಲಿ ಗೋಡೆ ಚೆನ್ನಾಗಿ ಆರಲು ಬಿಟ್ಟು ಆಮೇಲೆ ಬಣ್ಣಕ್ಕೆ ಕೈ ಹಾಕಿ. ಹಸಿ ಗೋಡೆಯ ಮೇಲೆ ಎಂಥ ಬಣ್ಣವೂ ನಿಲ್ಲಲ್ಲ.

ಕೆಲಸ ಮುಗಿದ ದಿನ ಶೇಡ್ ನಂಬರ್, ಎಷ್ಟು ಲೀಟರ್ ಹಿಡಿಯಿತು, ಯಾವ ತಿಂಗಳು, ಇದಿಷ್ಟನ್ನು ಬೀರುವಿನ ಬಾಗಿಲ ಒಳಗಡೆ ಪೆನ್ಸಿಲ್‌ನಲ್ಲಿ ಬರೆದಿಡಿ. ಮೊಳೆ ಕಿತ್ತ ಕಡೆ, ಕುರ್ಚಿ ಉಜ್ಜಿದ ಕಡೆ ತೇಪೆ ಹಾಕಲು ಅರ್ಧ ಲೀಟರ್ ಉಳಿಸಿ, ಮುಚ್ಚಳ ಬಿಗಿಯಾಗಿ ಹಾಕಿ ಮಂಚದ ಕೆಳಗಿಡಿ.