ಹೆಂಡತಿ ಮತ್ತು ಅವರ ಮೊದಲ ಮದುವೆಯ ಮಗುವನ್ನು ಬ್ರಿಟನ್‌ಗೆ ಕರೆಸಿಕೊಳ್ಳಲು ವೀಸಾ ಅರ್ಜಿ

ಬ್ರಿಟಿಷ್ ಪೌರತ್ವವೋ ಐಎಲ್‌ಆರ್ ಎನ್ನುವ ಖಾಯಂ ವಾಸದ ಹಕ್ಕೋ ಇರುವ ಕನ್ನಡಿಗರು ಊರಿಗೆ ಬಂದು, ವಿಧವೆಯನ್ನೋ ವಿಚ್ಛೇದಿತೆಯನ್ನೋ ಮದುವೆಯಾಗುತ್ತಾರೆ. ಹೆಂಡತಿಗೆ ಮೊದಲ ಮದುವೆಯ ಮಗು ಇರುತ್ತದೆ. ಇಬ್ಬರನ್ನೂ ಒಟ್ಟಿಗೆ ಕರೆಸಿಕೊಳ್ಳಬೇಕು. ಇಂಥ ಮನೆಗಳಲ್ಲಿ ತಾಯಿಯ ಅರ್ಜಿಗಾಗಿ ಆರು ತಿಂಗಳು ಓಡಾಡುತ್ತಾರೆ. ಮಗುವಿನ ಫಾರಂ ಮಾತ್ರ ಕೊನೆಯ ರಾತ್ರಿ ತುಂಬುತ್ತಾರೆ. ತಾಯಿಗೆ ವೀಸಾ ಬರುತ್ತದೆ, ಮಗುವಿಗೆ ಬರುವುದಿಲ್ಲ. ಅದಕ್ಕೇ ಇಲ್ಲಿ ಮಗುವಿನ ವಿಷಯದಿಂದಲೇ ಶುರು. ಗಂಡನನ್ನು ಕರೆಸಿಕೊಳ್ಳುವ ಹೆಂಡತಿಗೂ ಇದೇ ನಿಯಮ.

ಮಗುವಿಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ತೀರ್ಮಾನ. ಅರ್ಜಿ ಹಾಕುವ ದಿನ 18 ತುಂಬಿರಬಾರದು, ಮದುವೆಯಾಗಿರಬಾರದು, ತಾನೇ ದುಡಿದು ಬೇರೆ ಬದುಕು ಕಟ್ಟಿಕೊಂಡಿರಬಾರದು. ಇಷ್ಟು ಸುಲಭ. ಕಷ್ಟದ ಪ್ರಶ್ನೆ ಒಂದೇ: ಈ ಮಗುವಿನ ಹೊಣೆ ಇಲ್ಲಿಯವರೆಗೆ ಯಾರದು?

ಹೆತ್ತ ತಂದೆ ತೀರಿಹೋಗಿದ್ದರೆ ದಾರಿ ನೇರ. ಬ್ರಿಟನ್ನಿನ ವಲಸೆ ನಿಯಮದಲ್ಲಿ, ತಂದೆ ತೀರಿಕೊಂಡ ಮಗುವಿಗೆ ಮಲತಂದೆಯೂ 'ಪೋಷಕ'ನೇ. ತಂದೆಯ ಮರಣ ಪ್ರಮಾಣಪತ್ರ, ಮಗುವಿನ ಜನನ ಪ್ರಮಾಣಪತ್ರ, ಹೊಸ ಮದುವೆಯ ಪ್ರಮಾಣಪತ್ರ, ಈ ಮೂರೂ ಒಂದಕ್ಕೊಂದು ಹೊಂದಿದರೆ ಸಾಕು. ಮಲತಂದೆ ಮಗುವನ್ನು ದತ್ತು ತೆಗೆದುಕೊಳ್ಳಬೇಕಾಗಿಲ್ಲ. ಅವಸರದಲ್ಲಿ ದತ್ತುಪತ್ರ ಮಾಡಿಸಿದರೆ ಇಲ್ಲದ ಗೊಂದಲ ತಂದುಕೊಂಡಂತೆ.

ತಂದೆ ಬದುಕಿದ್ದರೆ, ಮಗುವಿನ ಪಾಲನೆಯ ಸಂಪೂರ್ಣ ಹೊಣೆ ತಾಯಿಯೊಬ್ಬರದೇ ಆಗಿತ್ತು, ಈಗಲೂ ಹಾಗೇ ಇದೆ ಎಂದು ತೋರಿಸಬೇಕು. ಹಲವರು ಎಡವುವುದು ಇಲ್ಲೇ. ಕೋರ್ಟು ಕಸ್ಟಡಿ ಕೊಟ್ಟಿದೆ, ಅಷ್ಟು ಸಾಕು ಎಂದುಕೊಳ್ಳುತ್ತಾರೆ. ಸಾಲದು. ಮಗು ಯಾವ ಶಾಲೆಗೆ ಹೋಗಬೇಕು, ಯಾವ ಚಿಕಿತ್ಸೆ ಆಗಬೇಕು, ಎಲ್ಲಿ ಇರಬೇಕು ಎಂದು ನಿರ್ಧರಿಸುವವರು ಯಾರು ಎನ್ನುವುದನ್ನು ಅಧಿಕಾರಿ ನೋಡುತ್ತಾರೆ. 2006ರಲ್ಲಿ ಬ್ರಿಟನ್ನಿನ ವಲಸೆ ನ್ಯಾಯಮಂಡಳಿ ಯೆಮನ್‌ನ ಪ್ರಕರಣವೊಂದರಲ್ಲಿ ಹಾಕಿಕೊಟ್ಟ ಈ ಅಳತೆಗೋಲೇ ಇಂದಿಗೂ ನಡೆಯುತ್ತಿದೆ. ಹಾಗಾಗಿ ಮಗು ಹಾಸನದಲ್ಲಿ ಅಜ್ಜಿಯ ಮನೆಯಲ್ಲಿದ್ದು ತಾಯಿ ಬೆಂಗಳೂರಿನಲ್ಲಿ ದುಡಿಯುತ್ತಿದ್ದರೂ ಅರ್ಜಿ ಬಿದ್ದುಹೋಗುವುದಿಲ್ಲ. ಅಜ್ಜಿ ನೋಡಿಕೊಳ್ಳುತ್ತಿದ್ದಾರೆ, ತೀರ್ಮಾನ ತಾಯಿಯದು ಎಂಬುದು ಕಾಗದದಲ್ಲಿ ಕಾಣಬೇಕು. ತಂದೆ ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆ ಬಂದು ಹೋಗುತ್ತಾರೆ, ಜೀವನಾಂಶ ಕೊಡುತ್ತಾರೆ ಎಂದ ಮಾತ್ರಕ್ಕೂ ತಾಯಿಯ ಹೊಣೆ ಕಡಿಮೆಯಾಗುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಮುಚ್ಚಿಡಬೇಡಿ.

ಕಾಗದಗಳು ಯಾವುವು? ಶಾಲೆಯ ಲೆಟರ್‌ಹೆಡ್‌ನಲ್ಲಿ ಮುಖ್ಯೋಪಾಧ್ಯಾಯರ ಪತ್ರ: ಮಗುವನ್ನು ಸೇರಿಸಿದ್ದು ಯಾರು, ಪೋಷಕರ ಸಭೆಗೆ ಬರುವವರು ಯಾರು, ಪ್ರಗತಿ ಪತ್ರಕ್ಕೆ ಸಹಿ ಯಾರದು. ಬರೀ 'ನಮ್ಮ ಶಾಲೆಯ ವಿದ್ಯಾರ್ಥಿ' ಎಂಬ ಸ್ಟಡಿ ಸರ್ಟಿಫಿಕೇಟಿನಿಂದ ಪ್ರಯೋಜನವಿಲ್ಲ. ತಾಯಿಯ ಹೆಸರಿನ ಫೀ ರಸೀದಿಗಳು, ಲಸಿಕೆಯ ಕಾರ್ಡು, ಆಸ್ಪತ್ರೆಯ ದಾಖಲೆ, ಮಗುವಿನ ಬ್ಯಾಂಕ್ ಖಾತೆಯಲ್ಲಿ ತಾಯಿ ಗಾರ್ಡಿಯನ್ ಆಗಿರುವ ಪಾಸ್‌ಬುಕ್, ಅಜ್ಜಿಗೆ ತಿಂಗಳು ತಿಂಗಳು ಕಳಿಸಿದ ಹಣದ ಸ್ಟೇಟ್‌ಮೆಂಟ್. ಈಚಿನದು ಮಾತ್ರವಲ್ಲ, ತಂದೆ ದೂರವಾದ ವರ್ಷದಿಂದ ಹಿಡಿದು ವರ್ಷಕ್ಕೊಂದೆರಡಾದರೂ ಇರಲಿ. ಇವೆಲ್ಲಕ್ಕೂ ಮೇಲೆ ತಾಯಿಯದೊಂದು ಎರಡು ಪುಟದ ಹೇಳಿಕೆ ಇರಬೇಕು. ಯಾವ ವರ್ಷ ಏನಾಯಿತು, ಅದಕ್ಕೆ ಯಾವ ದಾಖಲೆ ಎಂದು ಅದು ಅಧಿಕಾರಿಯ ಕೈಹಿಡಿದು ನಡೆಸಬೇಕು.

ತಂದೆಯಿಂದ ಒಪ್ಪಿಗೆ ಪತ್ರ ಸಿಕ್ಕರೆ ಒಳ್ಳೆಯದು, ಆದರೆ ಒಕ್ಕಣೆಯ ಮೇಲೆ ಕಣ್ಣಿರಲಿ. 'ನನ್ನ ಮಗನನ್ನು ನಾನು ಕಳಿಸಿಕೊಡುತ್ತಿದ್ದೇನೆ' ಎಂದಷ್ಟೇ ಬರೆದರೆ ತೀರ್ಮಾನದಲ್ಲಿ ಅವರಿಗೂ ಪಾಲಿದೆ ಎಂದು ಓದಬಹುದು. ಯಾವಾಗಿನಿಂದ ಮಗು ತಾಯಿಯ ಬಳಿ ಇದೆ, ಓದು ಆರೋಗ್ಯಗಳ ತೀರ್ಮಾನದಲ್ಲಿ ತಾನು ಭಾಗಿಯಲ್ಲ, ಹೊರಡಲು ಆಕ್ಷೇಪಣೆ ಇಲ್ಲ ಎಂಬ ಮೂರೂ, ಅವು ನಿಜವಾಗಿದ್ದರೆ, ಅದರಲ್ಲಿರಬೇಕು. ನೋಟರಿ ಮಾಡಿಸಿ, ಅವರ ಗುರುತಿನ ಚೀಟಿಯ ಪ್ರತಿ ಇಡಿ. ತಂದೆಯ ಸುಳಿವೇ ಇಲ್ಲದಿದ್ದರೆ ಏಕಪಕ್ಷೀಯ ತೀರ್ಪು, ಹಿಂದಿರುಗಿ ಬಂದ ನೋಟಿಸು, ಬಂಧುಗಳ ಪ್ರಮಾಣಪತ್ರ ನೆರವಿಗೆ ಬರುತ್ತವೆ. ಕಸ್ಟಡಿ ಆದೇಶದಲ್ಲಿ ಭೇಟಿಯ ಹಕ್ಕಿದ್ದರೆ ಅಥವಾ ಮಗುವನ್ನು ಹೊರದೇಶಕ್ಕೆ ಒಯ್ಯಬಾರದೆಂದಿದ್ದರೆ, ಅದೇ ಕೋರ್ಟಿನಲ್ಲಿ ಮೊದಲು ಅನುಮತಿ ಪಡೆಯಿರಿ. ತಂದೆ ತಾಯಿ ಇಬ್ಬರೂ ನಿಜಕ್ಕೂ ಸೇರಿ ಬೆಳೆಸುತ್ತಿದ್ದರೆ ಈ ದಾರಿ ಹಿಡಿಯಬೇಡಿ. ಮಗುವನ್ನು ಹೊರಗಿಡುವುದು ಸರಿಯಲ್ಲ ಎನ್ನಲು ಗಂಭೀರ ಕಾರಣಗಳಿವೆ ಎಂದು ವಾದಿಸುವ ಬೇರೆ ಅವಕಾಶ ಇದೆ. ಅದಕ್ಕೆ ವಲಸೆ ವಕೀಲರೇ ಬೇಕು.

ಇನ್ನು ಮದುವೆಯ ಕಾಗದ. ಛತ್ರದ ಫೋಟೋ, ಲಗ್ನಪತ್ರಿಕೆ ಸಾಲವು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದ ಪ್ರಮಾಣಪತ್ರ ಬೇಕು. ಹಿಂದಿನ ಮದುವೆ ಮುಗಿದದ್ದಕ್ಕೆ ಕೌಟುಂಬಿಕ ನ್ಯಾಯಾಲಯದ ಡಿಕ್ರಿಯ ದೃಢೀಕೃತ ನಕಲು ತೆಗೆಸಿ. ಊರ ಪಂಚಾಯಿತಿಯಲ್ಲಿ ಬಾಂಡ್ ಪೇಪರಿನ ಮೇಲೆ ಬರೆದುಕೊಂಡ 'ಬಿಡುಗಡೆ ಪತ್ರ' ವಿಚ್ಛೇದನ ಅಲ್ಲ. ರೂಢಿಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆ ಉಳಿಸಿಕೊಂಡಿದೆ ನಿಜ, ಆದರೆ ಆ ರೂಢಿ ಇದೆಯೆಂದು ಸಾಬೀತು ಮಾಡುವ ಹೊರೆ ನಿಮ್ಮದು. ಅದಕ್ಕಿಂತ ಡಿಕ್ರಿ ಪಡೆಯುವುದೇ ಮೇಲು. ಅದೇ ಕಾಯ್ದೆಯ 15ನೇ ಕಲಂ ಪ್ರಕಾರ ಡಿಕ್ರಿಯ ಮೇಲ್ಮನವಿ ಅವಧಿ ಮುಗಿಯುವವರೆಗೆ ಮರುಮದುವೆ ಆಗುವಂತಿಲ್ಲ. ಡಿಕ್ರಿ ಸಿಕ್ಕ ವಾರದಲ್ಲೇ ತಾಳಿ ಕಟ್ಟಿದ್ದರೆ ಮದುವೆಯ ಸಿಂಧುತ್ವವೇ ಪ್ರಶ್ನೆಯಾಗುತ್ತದೆ.

ಹೆಸರಿನ ತೊಡಕು ನಮ್ಮವರಿಗೆ ವಿಶೇಷ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಕಲಂ ಖಾಲಿ, ಶಾಲೆಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿದ ಉದ್ದ ಹೆಸರು. ಖಾಲಿ ಕಲಮಿಗೆ ಜನನ ನೋಂದಣಾಧಿಕಾರಿಗಳ ಬಳಿ ಹೆಸರು ಸೇರಿಸಿಕೊಳ್ಳಿ. ಉಳಿದ ವ್ಯತ್ಯಾಸಗಳಿಗೆ 'ಇಬ್ಬರೂ ಒಬ್ಬರೇ' ಎನ್ನುವ ಅಫಿಡವಿಟ್ ಇರಲಿ. ಹೊಸ ಗಂಡನ ಹೆಸರನ್ನು ಮಗುವಿಗೆ ತಗುಲಿಸುವ ಆಸೆ ಇದ್ದರೂ ವೀಸಾ ಬರುವವರೆಗೆ ತಡೆಯಿರಿ. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು. ಅದರಲ್ಲಿ ಅನುವಾದ ಸರಿಯಾಗಿದೆ ಎಂಬ ದೃಢೀಕರಣ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಇರಲೇಬೇಕು.

ಹಣದ ಲೆಕ್ಕಕ್ಕೆ ಬನ್ನಿ. 2024ರ ಏಪ್ರಿಲ್ 11ರಿಂದ ಕರೆಸಿಕೊಳ್ಳುವವರ ಆದಾಯ ವರ್ಷಕ್ಕೆ ಕನಿಷ್ಠ 29,000 ಪೌಂಡ್ ಇರಬೇಕು, ತೆರಿಗೆ ಕಳೆಯುವ ಮುಂಚೆ. ಹಳೆಯ ಲೇಖನಗಳಲ್ಲಿ 18,600, ಮೊದಲ ಮಗುವಿಗೆ ಇನ್ನೊಂದು 3,800 ಎಂದಿರುತ್ತದೆ. ಹೊಸ ಅರ್ಜಿದಾರರಿಗೆ ಅದು ಅನ್ವಯಿಸುವುದಿಲ್ಲ. ಈಗ ಮಗುವಿಗೆಂದು ಹೆಚ್ಚುವರಿ ಮೊತ್ತ ಇಲ್ಲ. ಹೆಂಡತಿ ಭಾರತದಲ್ಲಿ ಗಳಿಸುವ ಸಂಬಳ ಈ ಹಂತದಲ್ಲಿ ಲೆಕ್ಕಕ್ಕೆ ಬಾರದು.

ಒಂದೇ ಕಡೆ ಆರು ತಿಂಗಳಿಂದ ಕೆಲಸದಲ್ಲಿದ್ದರೆ ಆರು ತಿಂಗಳ ಪೇಸ್ಲಿಪ್, ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಉದ್ಯೋಗದಾತರ ಪತ್ರ. ಪೇಸ್ಲಿಪ್ಪಿನ ಕೈಗೆ ಬಂದ ಮೊತ್ತವೂ ಖಾತೆಗೆ ಬಿದ್ದ ಮೊತ್ತವೂ ಪೆನ್ನಿಗೆ ಪೆನ್ನಿ ತಾಳೆಯಾಗಬೇಕು. ಪತ್ರದಲ್ಲಿ ವಾರ್ಷಿಕ ಸಂಬಳ, ಕೆಲಸಕ್ಕೆ ಸೇರಿದ ದಿನ, ಈ ಸಂಬಳ ಯಾವಾಗಿನಿಂದ, ಕೆಲಸ ಖಾಯಮ್ಮೋ ಗುತ್ತಿಗೆಯೋ ಎಂಬ ನಾಲ್ಕೂ ಇರಲಿ. ಆರು ತಿಂಗಳಲ್ಲಿ ಅತಿ ಕಡಿಮೆ ಇದ್ದ ಸಂಬಳದ ದರವನ್ನೇ ಹಿಡಿಯುತ್ತಾರೆ. ನಾಲ್ಕನೇ ತಿಂಗಳಲ್ಲಿ ಬಡ್ತಿಯಾಗಿ 29,000 ದಾಟಿದ್ದರೆ ಇನ್ನೂ ಸ್ವಲ್ಪ ಕಾಯಬೇಕು ಎಂದರ್ಥ. ಅರ್ಜಿ ಹಾಕುವ ದಿನ ದಾಖಲೆಗಳ ಕೊನೆಯ ದಿನಾಂಕ 28 ದಿನಕ್ಕಿಂತ ಹಳೆಯದಾಗಿರಬಾರದು.

ಆದಾಯ ಸಾಲದಿದ್ದರೆ ಉಳಿತಾಯ ಸೇರಿಸಬಹುದು. ಕೊರತೆಯನ್ನು 2.5ರಿಂದ ಗುಣಿಸಿ 16,000 ಕೂಡಿಸಿ. ಸಂಬಳ 25,000 ಆದರೆ ಕೊರತೆ 4,000, ಬೇಕಾದ ಉಳಿತಾಯ 26,000 ಪೌಂಡ್. ಆದಾಯವೇ ಇಲ್ಲದಿದ್ದರೆ 88,500. ಹಣ ಆರು ತಿಂಗಳು ಗಂಡನ, ಹೆಂಡತಿಯ ಅಥವಾ ಇಬ್ಬರ ಜಂಟಿ ಖಾತೆಯಲ್ಲಿರಬೇಕು, ಬೇಕೆಂದಾಗ ತೆಗೆಯುವಂತಿರಬೇಕು. ಭಾರತದ ಬ್ಯಾಂಕಾದರೂ ಸರಿ. ಅಪ್ಪನ ಖಾತೆಯಲ್ಲಿದ್ದರೆ ಉಪಯೋಗವಿಲ್ಲ. ಊರಿನ ಸ್ವಂತ ಸೈಟು ಮಾರಿ ಬಂದ ಹಣಕ್ಕೆ ಆರು ತಿಂಗಳ ಕಟ್ಟಿನಲ್ಲಿ ವಿನಾಯಿತಿ ಇದೆ, ಕ್ರಯಪತ್ರ ತೋರಿಸಬೇಕು. ಸ್ವಂತ ಉದ್ಯೋಗದ ಆದಾಯಕ್ಕೆ ಮಾತ್ರ ಉಳಿತಾಯ ಸೇರಿಸಲಾಗದು.

ಮನೆ ಇಕ್ಕಟ್ಟಾಗಿರಬಾರದು. ಮಲಗುವ ಕೋಣೆ, ಹಜಾರ ಎರಡನ್ನೂ ಎಣಿಸಿ, ಎರಡು ಕೋಣೆಗೆ ಮೂವರು, ಮೂರಕ್ಕೆ ಐವರು. 1ರಿಂದ 10 ವರ್ಷದ ಮಗು ಅರ್ಧ ಲೆಕ್ಕ. ಬಾಡಿಗೆ ಮನೆಯಾದರೆ ಕರಾರಿನ ಜೊತೆ, ಇನ್ನಿಬ್ಬರು ಬಂದಿರಲು ಒಪ್ಪಿಗೆ ಎಂಬ ಮಾಲೀಕರ ಪತ್ರ.

ತಾಯಿಗೆ ಇಂಗ್ಲಿಷ್ ಎ1 ಎಂಬ ತೀರಾ ಆರಂಭಿಕ ಮಟ್ಟದಲ್ಲಿ ಬಂದರೆ ಸಾಕು, ಮಾತು ಮತ್ತು ಆಲಿಸುವುದಷ್ಟೇ. ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಎ1 ಬರೆದರಾಯಿತು. ಕಾಲೇಜು ಪ್ರವೇಶಕ್ಕೆ ಬರೆಯುವ ಮಾಮೂಲಿ ಐಇಎಲ್‌ಟಿಎಸ್ ಇಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಪದವಿ ಇದ್ದರೆ, ಹೊರದೇಶದ ಪದವಿಗಳನ್ನು ಪರಿಶೀಲಿಸುವ ಬ್ರಿಟನ್ನಿನ ಎಕ್ಟಿಸ್ ಸಂಸ್ಥೆಯ ದೃಢೀಕರಣ ತರಿಸಿ, ಪರೀಕ್ಷೆ ಬೇಡ. ಮಗುವಿಗೆ ಭಾಷಾ ಪರೀಕ್ಷೆ ಇಲ್ಲ. ಕ್ಷಯರೋಗ ತಪಾಸಣೆ ಇಬ್ಬರಿಗೂ ಬೇಕು, ಮಾನ್ಯತೆ ಪಡೆದ ಕೇಂದ್ರದಲ್ಲೇ ಆಗಬೇಕು. ಬೆಂಗಳೂರಿನಲ್ಲಿ ಅಂಥ ಕೇಂದ್ರಗಳಿವೆ. ಪ್ರಮಾಣಪತ್ರ ಆರು ತಿಂಗಳು ಮಾತ್ರ ಚಾಲ್ತಿ, ಹಾಗಾಗಿ ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಖರ್ಚು ಕಡಿಮೆಯೇನಲ್ಲ. 2025ರ ಏಪ್ರಿಲ್ ದರದಲ್ಲಿ ತಲಾ 1,938 ಪೌಂಡ್ ಶುಲ್ಕ ಇತ್ತು. ಅಲ್ಲಿನ ಸರ್ಕಾರಿ ವೈದ್ಯಸೇವೆಗೆಂದು ಮುಂಗಡ ಕಟ್ಟುವ ಆರೋಗ್ಯ ಸರ್‌ಚಾರ್ಜ್ ತಾಯಿಗೆ 3,105, ಮಗುವಿಗೆ 2,328. ಆ ದರದಲ್ಲಿ ಇಬ್ಬರಿಗೂ ಸೇರಿ 9,309 ಪೌಂಡ್. ದರಗಳು ಏಪ್ರಿಲ್‌ನಲ್ಲಿ ಏರುವುದು ವಾಡಿಕೆ, ಕಟ್ಟುವ ದಿನ ಬ್ರಿಟನ್ ಸರ್ಕಾರದ ಜಾಲತಾಣ ನೋಡಿಯೇ ಕಟ್ಟಿ. ವೀಸಾ ಸಿಗದಿದ್ದರೆ ಸರ್‌ಚಾರ್ಜ್ ಮರಳುತ್ತದೆ, ಶುಲ್ಕ ಮರಳುವುದಿಲ್ಲ.

ಎರಡೂ ಫಾರಂ ಒಂದೇ ದಿನ ಸಲ್ಲಿಸಿ, ವೀಸಾ ಅರ್ಜಿ ಸ್ವೀಕರಿಸುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರಕ್ಕೆ ಒಟ್ಟಿಗೇ ಹೋಗಿ. ಮಗುವಿನ ಅರ್ಜಿಯಲ್ಲಿ ತಾಯಿಯ ಅರ್ಜಿ ಸಂಖ್ಯೆ ನಮೂದಿಸಿ. ಆದರೆ ದಾಖಲೆಗಳನ್ನು ಎರಡರಲ್ಲೂ ಪೂರ್ತಿ ಅಪ್‌ಲೋಡ್ ಮಾಡಿ. 'ತಾಯಿಯ ಕಡತದಲ್ಲಿದೆ' ಎಂದು ನಂಬಿ ಬಿಡಬೇಡಿ. ಗಂಡ ಹೆಂಡತಿಯ ಫೋಟೋ ಹದಿನೈದು ಸಾಕು, ಅವುಗಳಲ್ಲಿ ನಾಲ್ಕೈದರಲ್ಲಾದರೂ ಮಗು ಇರಲಿ. ಹಿಂದೆ ಯಾವುದೇ ದೇಶದ ವೀಸಾ ತಿರಸ್ಕೃತವಾಗಿದ್ದರೆ ಬರೆಯಲೇಬೇಕು. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೆ ಬಾಗಿಲು ಮುಚ್ಚಬಹುದು.

ಮಗುವಿನದು ಮಾತ್ರ ತಿರಸ್ಕಾರವಾದರೆ ತಾಯಿ ಅವಸರದಲ್ಲಿ ವಿಮಾನ ಹತ್ತಬೇಡಿ. ತಾಯಿ ಮಗುವನ್ನು ಬಿಟ್ಟು ಹೋದರೆ 'ಸಂಪೂರ್ಣ ಹೊಣೆ' ಎಂಬ ವಾದವನ್ನು ಕಾಪಾಡಿಕೊಳ್ಳುವುದು ಕಷ್ಟವಾಗುತ್ತದೆ. ಭಾರತದಲ್ಲಿರುವವರಿಗೆ ಮೇಲ್ಮನವಿಗೆ 28 ದಿನ ಸಿಗುತ್ತದೆ. ಕಾಗದವೊಂದು ತಪ್ಪಿಹೋದದ್ದಷ್ಟೇ ಕಾರಣವಾದರೆ ಹೊಸ ಅರ್ಜಿ ಬೇಗ ಮುಗಿಯುತ್ತದೆ. ಮಗುವಿಗೆ ಅಷ್ಟರಲ್ಲಿ 18 ತುಂಬುವ ಹಾಗಿದ್ದರೆ ಮಾತ್ರ ಮೇಲ್ಮನವಿಯನ್ನು ಕೈಬಿಡಬೇಡಿ, ಹೊಸ ಅರ್ಜಿಗೆ ಆಗ ವಯಸ್ಸೇ ಅಡ್ಡಿ.