ಒಂದು ಅಡಿ ನೀರಿಗೆ ಒಂದು ಇಂಚು ಬಟ್ಟೆ

ಪೇಪರ್ ಬಂದ ಕೂಡಲೇ ಅಪ್ಪ ಮೊದಲು ನೋಡುವುದು ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ. ಮಂಡ್ಯದಲ್ಲಿ ನಾಲೆ ನೀರು ನಂಬಿದ ಮನೆಗಳಲ್ಲೆಲ್ಲ ಇದೇ ಅಭ್ಯಾಸ, ಅಲ್ವಾ? 124.80 ಅಡಿ ಅಂದರೆ ಕಟ್ಟೆ ತುಂಬಿತು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. ತುಂಬಿದ್ದು 2024ರ ಜುಲೈನಲ್ಲಿ. ಕಾದು ಕೂತ ಆ ದಿನಗಳನ್ನು ಬಟ್ಟೆಯಲ್ಲಿ ತೋರಿಸಬೇಕು ಅನ್ನಿಸಿತು. ತಿಂಗಳಿಗೊಂದು ಪಟ್ಟಿ, ನೀರು ಇದ್ದಷ್ಟು ಎತ್ತರಕ್ಕೆ ನೀಲಿ, ಅದರ ಮೇಲೆ ಬಿಳಿ.

ಜಾಗ ಸಿಕ್ಕಿದ್ದು ಮೈಸೂರಿನ ಒಂದು ಸಣ್ಣ ಮ್ಯೂಸಿಯಂನಲ್ಲಿ. ಹಳೇ ಮನೆ, ಮರದ ಮೆಟ್ಟಿಲು, ಎತ್ತರದ ಸೂರು. ಎರಡು ದಿನ ಸುಮ್ನೆ ಆ ಮೆಟ್ಟಿಲ ಮೇಲೆ ಕೂತಿದ್ದೆ. ಮೆಟ್ಟಿಲ ಪಕ್ಕದಲ್ಲೇ ಬಟ್ಟೆ ಇಳಿಬಿಟ್ಟರೆ, ಕೆಳಗೆ ನಿಂತವರಿಗೆ ನೀಲಿ ಕಾಣುತ್ತದೆ. ಹತ್ತುತ್ತಾ ಹೋದಂತೆ ನೀಲಿ ಕೆಳಗೇ ಉಳಿದು ಬರೀ ಬಿಳಿ ಕಣ್ಣ ಮುಂದೆ ಬರುತ್ತದೆ. ಒಣಗಿದ ಕಟ್ಟೆಯ ಗೋಡೆ ನೋಡಿದ ಹಾಗೆ. ಬೇರೆ ಗೋಡೆಗೆ ಹಾಕಿದ್ದರೆ ಇದು ಬರೀ ಬಣ್ಣದ ಬಟ್ಟೆ ಆಗುತ್ತಿತ್ತು.

ಲೆಕ್ಕ ಸುಲಭ. ಒಂದು ಅಡಿಗೆ ಒಂದು ಇಂಚು. 2023ರ ಜೂನ್‌ನಿಂದ 2024ರ ಜುಲೈವರೆಗೆ 14 ತಿಂಗಳು, 14 ಪಟ್ಟಿ, ಒಂದೊಂದೂ 124.8 ಇಂಚು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ಹಿರಿಯ ನೇಕಾರರೊಬ್ಬರ ಹತ್ತಿರ ಹತ್ತಿ ಬಟ್ಟೆ ನೇಯಿಸಿದೆ. ಕತ್ತರಿಸಿ, ಆಯಾ ತಿಂಗಳ ಮಟ್ಟಕ್ಕೆ ದಾರದ ಗುರುತೂ ಹಾಕಿದೆ.

ಆಗ ಮ್ಯೂಸಿಯಂನವರು ಕೇಳಿದರು, "ಬಟ್ಟೇಲಿ ಗಂಜಿ ಇದೆಯಾ?" ಇರದೇ ಇರುತ್ತಾ? ಹಾಸಿನ ನೂಲು, ಅಂದರೆ ಉದ್ದಕ್ಕೆ ಬಿಗಿದ ಎಳೆ, ಮಗ್ಗದಲ್ಲಿ ಕಿತ್ತುಹೋಗದಿರಲು ಗಂಜಿ ಹಾಕಲೇಬೇಕು. ಆದರೆ ಸಿಲ್ವರ್ ಫಿಶ್ ಹುಳಕ್ಕೆ ಗಂಜಿ ಅಂದರೆ ಊಟ. ಒಂದು ಬಟ್ಟೆಯ ಜೊತೆ ಅದು ಒಳಗೆ ಬಂದರೆ ಹಳೇ ಕಾಗದ, ಪುಸ್ತಕಗಳ ಗತಿ ಏನು? ಅವರು ಹೇಳಿದ್ದು ಸರಿ. ಬಿಸಿನೀರಲ್ಲಿ ನೆನೆಸಿ, ತಿಕ್ಕಿ, ಗಂಜಿ ಪೂರ್ತಿ ತೆಗೆದೆ.

ಒಣಗಿದ ಮೇಲೆ ಅಳೆದರೆ 120 ಇಂಚು. ಕಟ್ಟೆಯಿಂದ ಐದಡಿಯಷ್ಟು ನೀರು ಹೋದ ಹಾಗೆ. ಹದಿನಾಲ್ಕೂ ಪಟ್ಟಿ ಹಾಳು. ಅವತ್ತು ಅತ್ತುಬಿಟ್ಟೆ.

ನೇಕಾರಜ್ಜ ಮಾತ್ರ ಬೈಯಲಿಲ್ಲ. "ಬಟ್ಟೆಗೆ ಮೊದ್ಲು ನೀರು ಕುಡಿಸ್ಬೇಕು ಕಣವ್ವ, ಅಳತೆ ಆಮೇಲೆ" ಅಂದರು. ಮತ್ತೆ ನೇಯ್ದು ಕೊಟ್ಟರು. ಈ ಸಲ ಒಗೆದು, ಒಣಗಿಸಿ, ಒಂದು ದಿನ ಬಿಟ್ಟು ಅಳೆದೆ.

ನೀಲಿ ಅದ್ದುವಾಗ ಇನ್ನೊಂದು ತೊಂದರೆ. ಬಟ್ಟೆಯ ಎಳೆಯಲ್ಲಿ ಬಣ್ಣ ತಾನಾಗೇ ಮೇಲಕ್ಕೆ ಏರುತ್ತದೆ, ಗೆರೆ ನಿಲ್ಲುವುದಿಲ್ಲ. ಗೆರೆಯ ಮೇಲೆ ಪ್ಲಾಸ್ಟಿಕ್ ಸುತ್ತಿ ದಾರದಿಂದ ಬಿಗಿಯಾಗಿ ಕಟ್ಟಿದೆ. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಸಿರು. ಗಾಳಿ ತಾಗಿದಂತೆ ನೀಲಿ. ಎಷ್ಟು ಸಲ ನೋಡಿದರೂ ಸಾಕಾಗಲ್ಲ.

ಮೊಳೆ ಹೊಡೆಯುವಂತಿರಲಿಲ್ಲ. ತೊಲೆಗೆ ಅಗಲದ ಹತ್ತಿ ಪಟ್ಟಿ ಸುತ್ತಿ, ಅದಕ್ಕೆ ಅಲ್ಯೂಮಿನಿಯಂ ಪೈಪ್ ಕಟ್ಟಿ ಇಳಿಬಿಟ್ಟೆವು.

ಅಪ್ಪ ನೋಡಲು ಬಂದರು. ನಿಧಾನಕ್ಕೆ ಹತ್ತಿದರು. ಬೇಸಿಗೆಯ ಪಟ್ಟಿಗಳ ಹತ್ತಿರ ನಿಂತು, "ಆ ಸಲ ಭತ್ತ ಹಾಕ್ಲಿಲ್ಲ ನಾವು" ಅಂದರು. ಕೊನೆಯ ಪಟ್ಟಿ ಪೂರ್ತಿ ನೀಲಿ. ಅದರ ಮುಂದೆ ಜಾಸ್ತಿ ಹೊತ್ತು ನಿಂತಿದ್ದರು.

ಈಗ ಅವನ್ನೆಲ್ಲ ಕೊಳವೆಗೆ ಸುತ್ತಿಟ್ಟಿದ್ದೇನೆ, ಮಡಚಿಲ್ಲ. ಮಡಚಿದ ಗೆರೆ ಬಿದ್ದರೆ ಅದೂ ನೀರಿನ ಮಟ್ಟದ ಹಾಗೇ ಕಾಣುತ್ತದೆ.