ವರ್ಟ್-ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್: ನಾನು ಜೋಡಿಸಿಕೊಂಡ ಬಗೆ, ಇನ್ನೂ ಬೇಕಾಗಿರುವುದು

ಚಿಕ್ಕ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅದನ್ನು ಪರೀಕ್ಷೆ ಮಾಡೋಕೆ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಎರಡು ವಿಎಂ (ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಸರ್ವರ್, ಇನ್ನೊಂದರಲ್ಲಿ ವಿಂಡೋಸ್. ಅಂಗಡಿಯವರು ಲೆಕ್ಕ ನೋಡುವುದು ಫೋನಿನಲ್ಲೇ. ಹಾಗಾಗಿ ನನ್ನ ಫೋನಿನಿಂದಲೂ ಆ ಸರ್ವರ್ ತೆರೆಯಬೇಕು. ಲ್ಯಾಪ್‌ಟಾಪ್, ಫೋನ್ ಎರಡೂ ಮನೆಯ ವೈಫೈನಲ್ಲಿವೆ. ವಿಎಂ ನೋಡಿಕೊಳ್ಳೋಕೆ ವರ್ಟ್-ಮ್ಯಾನೇಜರ್ ಅನ್ನೋ ಕಿಟಕಿ ಇರುವ ಪ್ರೋಗ್ರಾಂ, ಅದರ ಕೆಳಗೆ ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಮತ್ತು ಅವನ್ನು ಓಡಿಸುವ ಕೆವಿಎಂ.

ಹೊಸ ವಿಎಂ ಮಾಡಿದಾಗ ತಾನಾಗೇ ಸಿಗುವುದು 'ಡೀಫಾಲ್ಟ್' ಅನ್ನೋ ನ್ಯಾಟ್ ನೆಟ್‌ವರ್ಕ್, ಅಂದರೆ ವಿಎಂಗಳು ಲ್ಯಾಪ್‌ಟಾಪ್‌ನ ವಿಳಾಸದ ಹಿಂದೆ ಅಡಗಿ ಹೊರಗೆ ಹೋಗುವ ಬಗೆ. ಲ್ಯಾಪ್‌ಟಾಪ್‌ಗೆ 192.168.122.1, ವಿಎಂಗಳಿಗೆ ಅದೇ ಸಾಲಿನ ವಿಳಾಸಗಳು. ವಿಳಾಸ ಹಂಚುವುದು ಡಿಎನ್‌ಎಸ್‌ಮಾಸ್ಕ್ ಅನ್ನೋ ಪ್ರೋಗ್ರಾಂ. ವಿಎಂನಿಂದ ಇಂಟರ್ನೆಟ್ ಸಿಗುತ್ತದೆ, ವಿಎಂಗಳು ಒಂದಕ್ಕೊಂದು ಮಾತಾಡುತ್ತವೆ. ಆದರೆ ಹೊರಗಿನ ಫೋನಿಗೆ ಒಳಗೆ ಬರೋಕೆ ದಾರಿ ಇಲ್ಲ. ಸುಮ್ನೆ ಏನಾದರೂ ಇನ್‌ಸ್ಟಾಲ್ ಮಾಡಿ ನೋಡೋರಿಗೆ ಇಷ್ಟು ಸಾಕು.

ಹೊರಗಿನವರಿಗೂ ವಿಎಂ ಕಾಣಬೇಕು ಅಂದರೆ ಎಲ್ಲರೂ ಮೊದಲು ಹೇಳುವುದು ಬ್ರಿಡ್ಜ್, ಅಂದರೆ ವಿಎಂಗಳನ್ನು ನೇರವಾಗಿ ಹೊರಗಿನ ನೆಟ್‌ವರ್ಕ್‌ಗೇ ಸೇರಿಸುವುದು. ಕೇಬಲ್ ಇದ್ದರೆ ನಾನೂ ಅದನ್ನೇ ಹೇಳುತ್ತೇನೆ. ಒಂದು ಕಿವಿಮಾತು: ಲಿನಕ್ಸ್‌ನ ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಬ್ರಿಡ್ಜ್ ಮಾಡಿದರೆ ಎಸ್‌ಟಿಪಿ (ಡೇಟಾ ಒಂದೇ ಸುತ್ತಿನಲ್ಲಿ ತಿರುಗದಂತೆ ತಡೆಯುವ ವ್ಯವಸ್ಥೆ) ಆನ್ ಆಗೇ ಬರುತ್ತದೆ. ವಿಎಂ ಶುರುವಾದ ಮೇಲೆ ಬ್ರಿಡ್ಜ್‌ನಲ್ಲಿ ಅದು ಸೇರುವ ಪೋರ್ಟ್ 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ, ಆಮೇಲಷ್ಟೇ ಡೇಟಾ ಬಿಡುತ್ತದೆ. ಅಷ್ಟರಲ್ಲಿ ನೆಟ್‌ವರ್ಕ್ ಬೂಟ್ (ವಿಎಂ ನೆಟ್‌ವರ್ಕ್ ಮೂಲಕ ಶುರುವಾಗುವುದು) ಕೈಕೊಟ್ಟಿರುತ್ತದೆ. ಹೊರಗೆ ಹೋಗೋಕೆ ಒಂದೇ ಕೇಬಲ್ ಇರುವ ಬ್ರಿಡ್ಜ್‌ಗೆ ಎಸ್‌ಟಿಪಿ ಬೇಕಿಲ್ಲ, ಆಫ್ ಮಾಡಿ.

ವೈಫೈನಲ್ಲಿ ಈ ಆಟ ನಡೆಯೋದಿಲ್ಲ. ಲ್ಯಾಪ್‌ಟಾಪ್‌ನಿಂದ ರೌಟರ್‌ಗೆ ಹೋಗುವ ವೈಫೈ ಫ್ರೇಮ್‌ನಲ್ಲಿ (ಡೇಟಾದ ಒಂದು ಕಂತಿನಲ್ಲಿ) ಸಾಮಾನ್ಯವಾಗಿ ಮೂರೇ ವಿಳಾಸಗಳಿಗೆ ಜಾಗ: ರೌಟರ್, ಕಳಿಸಿದವರು, ಕೊನೆಗೆ ತಲುಪಬೇಕಾದವರು. ಲಕೋಟೆಯ ಮೇಲೆ 'ಇಂದ' ಅನ್ನೋದಕ್ಕೆ ಒಂದೇ ಸಾಲು ಇದ್ದ ಹಾಗೆ. ಆ ಸಾಲಿನಲ್ಲಿ ಲ್ಯಾಪ್‌ಟಾಪ್‌ನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಇರಲೇಬೇಕು, ಇಲ್ಲದಿದ್ದರೆ ರೌಟರ್ ಅದನ್ನು ಮುಟ್ಟೋದಿಲ್ಲ. ಹಾಗಾದರೆ ವಿಎಂನ ಮ್ಯಾಕ್ ಬರೆಯೋದೆಲ್ಲಿ? ವಿಎಂ ಓಡಿಸುವ ಇನ್ನೊಂದು ಸಾಫ್ಟ್‌ವೇರ್ ಆದ ವರ್ಚುವಲ್‌ಬಾಕ್ಸ್ ಇಲ್ಲೊಂದು ಉಪಾಯ ಮಾಡುತ್ತದೆ. ವಿಎಂನ ಮ್ಯಾಕ್ ಅಳಿಸಿ ಲ್ಯಾಪ್‌ಟಾಪ್‌ನದ್ದನ್ನು ಹಾಕಿ ಕಳಿಸುತ್ತದೆ. ಲಿನಕ್ಸ್‌ನ ಸಾದಾ ಬ್ರಿಡ್ಜ್ ಹಾಗೆ ಮಾಡೋದಿಲ್ಲ. ವಿಎಂ ಅನ್ನು ನೇರವಾಗಿ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಕಾರ್ಡ್‌ಗೇ ಕಟ್ಟುವ ಮ್ಯಾಕ್‌ವಿಟ್ಯಾಪ್‌ಗೂ ವೈಫೈ ಮೇಲೆ ಇದೇ ಗತಿ. ಕೇಬಲ್ ಮೇಲೆ ಅದು ನಡೆಯುತ್ತದೆ, ಆದರೆ ಆಗ ಲ್ಯಾಪ್‌ಟಾಪ್ ಮತ್ತು ಅದರೊಳಗಿನ ವಿಎಂ ನಡುವೆಯೇ ಮಾತುಕತೆ ನಿಲ್ಲುತ್ತದೆ.

ನನ್ನ ಕೆಲಸ ಆಗಿದ್ದು ಪಾಸ್ಟ್‌ನಿಂದ, ಅಂದರೆ ಸಾಮಾನ್ಯ ಪ್ರೋಗ್ರಾಂನಂತೆ ಓಡುತ್ತಾ ವಿಎಂನ ಡೇಟಾವನ್ನು ಲ್ಯಾಪ್‌ಟಾಪ್‌ನ ಮೂಲಕ ಸಾಗಿಸುವ ಸಾಧನದಿಂದ. 2023ರಲ್ಲಿ ಬಂದ ಲಿಬ್‌ವರ್ಟ್ 9.0.0 ಇದಕ್ಕೆ ಬೆಂಬಲ ಕೊಟ್ಟಿತು. ವರ್ಟ್-ಮ್ಯಾನೇಜರ್‌ನ ಪ್ರಿಫರೆನ್ಸಸ್‌ನಲ್ಲಿ ಎಕ್ಸ್‌ಎಂಎಲ್ (ವಿಎಂನ ಸೆಟ್ಟಿಂಗ್‌ಗಳನ್ನು ಬರೆದಿಡುವ ಪಠ್ಯ ರೂಪ) ಎಡಿಟಿಂಗ್ ಆನ್ ಮಾಡಿ, ಸರ್ವರ್ ವಿಎಂನ ನೆಟ್‌ವರ್ಕ್ ಕಾರ್ಡ್‌ನ ಎಕ್ಸ್‌ಎಂಎಲ್ ಟ್ಯಾಬ್ ತೆರೆದೆ. ಇಂಟರ್‌ಫೇಸ್ ಟೈಪ್ 'ಯೂಸರ್', ಬ್ಯಾಕೆಂಡ್ 'ಪಾಸ್ಟ್' ಅಂತ ಬರೆದೆ. ಪೋರ್ಟ್‌ಫಾರ್ವರ್ಡ್ ಒಳಗೆ ಲ್ಯಾಪ್‌ಟಾಪ್‌ನ 8080ನೇ ಪೋರ್ಟ್ (ಇಲ್ಲಿ ಪೋರ್ಟ್ ಅಂದರೆ ಸೇವೆಯೊಂದರ ಬಾಗಿಲು ಸಂಖ್ಯೆ) ಅನ್ನು ವಿಎಂನ 80ಕ್ಕೆ ಕಟ್ಟಿದೆ. ನೇರವಾಗಿ 80 ಕೊಡಲಿಲ್ಲ, ಯಾಕೆಂದರೆ ಪಾಸ್ಟ್ ಓಡುವುದು ಸಾಮಾನ್ಯ ಬಳಕೆದಾರನಾಗಿ. 1024ಕ್ಕಿಂತ ಕೆಳಗಿನ ಪೋರ್ಟ್ ಅದಕ್ಕೆ ಸುಲಭವಾಗಿ ಸಿಗೋದಿಲ್ಲ. ಲ್ಯಾಪ್‌ಟಾಪ್‌ನ ಫೈರ್‌ವಾಲ್‌ನಲ್ಲಿ 8080 ತೆರೆದೆ. ಫೋನಿನಲ್ಲಿ ಲ್ಯಾಪ್‌ಟಾಪ್‌ನ ವಿಳಾಸ, ಮುಂದೆ 8080 ಹಾಕಿದರೆ ಬಿಲ್ಲಿಂಗ್ ಪುಟ ಬಂತು.

ಪಾಸ್ಟ್‌ನ ಒಂದು ಗುಣ ಗೊತ್ತಿರಬೇಕು. ಬೇರೆ ಏನೂ ಹೇಳದಿದ್ದರೆ ಅದು ಲ್ಯಾಪ್‌ಟಾಪ್‌ನ ಐಪಿ ವಿಳಾಸವನ್ನೇ ವಿಎಂಗೂ ಕೊಡುತ್ತದೆ. ಇನ್ನೊಂದು ವಿಎಂ ಈ ದಾರಿಯಲ್ಲಿ ಅದನ್ನು ತಲುಪೋದು ಹೇಗೆ? ಅದಕ್ಕೇ ಸರ್ವರ್‌ಗೆ ಎರಡನೇ ಕಾರ್ಡ್ ಹಾಕಿ, ಅದನ್ನೂ ವಿಂಡೋಸ್ ವಿಎಂನ ಕಾರ್ಡನ್ನೂ ಹೊರಗಿನ ಸಂಪರ್ಕ ಇಲ್ಲದ ಒಂದು ಐಸೊಲೇಟೆಡ್ ನೆಟ್‌ವರ್ಕ್‌ಗೆ ಸೇರಿಸಿದೆ. ಈ ನೆಟ್‌ವರ್ಕ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಡೀಫಾಲ್ಟ್ ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿ, ಹಂಚೋದಿಲ್ಲ. ಹಾಗಾಗಿ ಸರ್ವರ್‌ನಲ್ಲಿ ಎರಡು ಗೇಟ್‌ವೇಗಳ ಜಗಳ ಬರೋದಿಲ್ಲ.

ವಿಂಡೋಸ್ ಕಡೆಯಿಂದ ಸರ್ವರ್ ಸದಾ ಒಂದೇ ವಿಳಾಸದಲ್ಲಿ ಸಿಗಬೇಕು ಅಲ್ವಾ? ಅದಕ್ಕೆ ಲಿಬ್‌ವರ್ಟ್‌ನ ವರ್ಶ್ ಕಮಾಂಡಿನ ನೆಟ್-ಅಪ್‌ಡೇಟ್ ಬಳಸಿ, ಸರ್ವರ್‌ನ ಎರಡನೇ ಕಾರ್ಡ್‌ನ, 52:54:00 ಇಂದ ಶುರುವಾಗುವ ಮ್ಯಾಕ್‌ಗೆ ಒಂದು ಐಪಿ ಕಾಯ್ದಿರಿಸಿದೆ. 'ಲೈವ್' ಮತ್ತು 'ಕಾನ್ಫಿಗ್' ಎರಡನ್ನೂ ಕೊಟ್ಟರೆ ನೆಟ್‌ವರ್ಕ್ ನಿಲ್ಲಿಸದೇ ಬದಲಾವಣೆ ಜಾರಿಯಾಗುತ್ತದೆ, ಮುಂದೆಯೂ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ನನಗೆ ಅನಿಸಿದ್ದು ಇದು. ಹೊಸ ನೆಟ್‌ವರ್ಕ್ ಬಗೆಗಳು ಯಾವುದೂ ಬೇಕಿಲ್ಲ. ಇರುವುದೇ ಜಾಸ್ತಿ. ಲಿಬ್‌ವರ್ಟ್‌ಗೆ ಗೊತ್ತಿರುವುದನ್ನು ವರ್ಟ್-ಮ್ಯಾನೇಜರ್‌ನ ಕಿಟಕಿಯಲ್ಲಿ ತೋರಿಸಿದರೆ ಸಾಕು.

ಮೊದಲನೆಯದು ಪೋರ್ಟ್ ಫಾರ್ವರ್ಡಿಂಗ್‌ಗೆ ಒಂದು ಪಟ್ಟಿ. ವರ್ಚುವಲ್‌ಬಾಕ್ಸ್‌ನಲ್ಲಿ ನ್ಯಾಟ್ ಆರಿಸಿದರೆ ಪ್ರೋಟೋಕಾಲ್, ಈ ಕಡೆಯ ಪೋರ್ಟ್, ಆ ಕಡೆಯ ಪೋರ್ಟ್ ತುಂಬುವ ಸಾಲುಗಳು ಸಿಗುತ್ತವೆ. ಅದನ್ನು ನೋಡಿದವರು ಇಲ್ಲಿ ಬಂದು ಎಕ್ಸ್‌ಎಂಎಲ್ ಬರೆಯಬೇಕು ಅಂದರೆ ಮುಖ ಸಿಂಡರಿಸೋದು ಸಹಜ. ಐಪಿ ಕಾಯ್ದಿರಿಸುವುದೂ ಅಷ್ಟೇ. ಕಾರ್ಡ್‌ನ ಪುಟದಲ್ಲಿ ಮ್ಯಾಕ್ ಕಾಣುತ್ತದೆ, ಈಗಿನ ಐಪಿಯೂ ಕಾಣುತ್ತದೆ. 'ಇದನ್ನೇ ಉಳಿಸು' ಅನ್ನೋ ಒಂದು ಗುಂಡಿ ಸಾಕಲ್ವಾ?

ಇನ್ನೊಂದು ಎಚ್ಚರಿಕೆಯ ಮಾತು ಬೇಕು. ಮ್ಯಾಕ್‌ವಿಟ್ಯಾಪ್ ಆರಿಸಿದರೆ, ಇದರಲ್ಲಿ ಹೋಸ್ಟ್ (ಇಲ್ಲಿ ನನ್ನ ಲ್ಯಾಪ್‌ಟಾಪ್) ಮತ್ತು ವಿಎಂ ನಡುವೆ ಸಂಪರ್ಕ ಸಾಮಾನ್ಯವಾಗಿ ಆಗೋದಿಲ್ಲ ಅಂತ ವರ್ಟ್-ಮ್ಯಾನೇಜರ್ ಅಲ್ಲೇ ಹೇಳುತ್ತದೆ. ಒಳ್ಳೇ ಪದ್ಧತಿ. ಆರಿಸಿದ ಕಾರ್ಡ್ ವೈಫೈದಾಗಿದ್ದರೆ 'ಇದರ ಮೇಲೆ ಇದು ನಡೆಯೋದಿಲ್ಲ' ಅಂತ ಇನ್ನೊಂದು ಸಾಲು ಸೇರಿಸಲಿ.

ಎಲ್ಲ ಆಯ್ಕೆಗೂ ಕಿಟಕಿಯಲ್ಲಿ ಜಾಗ ಕೊಡೋದಿಲ್ಲ, ಅಪರೂಪದವಕ್ಕೆ ಎಕ್ಸ್‌ಎಂಎಲ್ ಟ್ಯಾಬ್ ಇದೆ ಅನ್ನೋದು ವರ್ಟ್-ಮ್ಯಾನೇಜರ್ ಬರೆಯುವವರ ನಿಲುವು. ಅದು ತಪ್ಪೂ ಅಲ್ಲ. ಎಲ್ಲವನ್ನೂ ತುರುಕಿದರೆ ಯಾರಿಗೂ ಏನೂ ಸಿಗೋದಿಲ್ಲ. ಹಾಗಾಗಿ ಬೇಡಿಕೆ ಇಡುವಾಗ 'ವರ್ಚುವಲ್‌ಬಾಕ್ಸ್‌ನಲ್ಲಿ ಇದೆ, ಇಲ್ಲೂ ಕೊಡಿ' ಅಂದರೆ ಪ್ರಯೋಜನ ಕಡಿಮೆ. ಯಾರಿಗೆ ಬೇಕು, ಈಗ ಅವರು ಏನು ಮಾಡುತ್ತಿದ್ದಾರೆ, ಯಾವ ಎಕ್ಸ್‌ಎಂಎಲ್ ಸಾಲು ಬದಲಾಗುತ್ತದೆ ಅಂತ ಬರೆಯಬೇಕು.

ನನ್ನ ಕೊನೆಯ ಬೇಡಿಕೆಗೂ ಇಂಥದ್ದೇ ಕಾರಣ ಇದೆ. ನಿಧಾನದ ನೆಟ್‌ವರ್ಕ್‌ನಲ್ಲಿ ಬಿಲ್ ಹೇಗೆ ಹೋಗುತ್ತದೆ ಅಂತ ನೋಡೋಕೆ ವಿಂಡೋಸ್ ವಿಎಂನ ಕಾರ್ಡ್‌ಗೆ ಬ್ಯಾಂಡ್‌ವಿಡ್ತ್ ಮಿತಿ ಹಾಕುತ್ತೇನೆ. ಎಕ್ಸ್‌ಎಂಎಲ್‌ನಲ್ಲಿ ಆ್ಯವರೇಜ್ 32 ಅಂದರೆ ಸೆಕೆಂಡಿಗೆ 32 ಕಿಲೋಬೈಟ್. ಕಿಲೋಬಿಟ್ ಅಂದುಕೊಂಡರೆ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ. ಬಿಲ್ ಅರ್ಧ ಹೋದಾಗ ಕೇಬಲ್ ಕಿತ್ತರೆ ಏನಾಗುತ್ತದೆ ಅಂತ ನೋಡೋಕೆ 'ಲಿಂಕ್ ಸ್ಟೇಟ್' ಅನ್ನೋ ಟಿಕ್ ಅದೇ ಪುಟದಲ್ಲಿದೆ, ಅದನ್ನು ತೆಗೆದರಾಯಿತು. ವೇಗಕ್ಕೂ ಅದರ ಪಕ್ಕದಲ್ಲೇ ಒಂದು ಖಾನೆ ಇರಲಿ, ಜೊತೆಗೆ ಕಿಲೋಬೈಟ್ ಅಂತ ಬರೆದಿರಲಿ.